ಪದ ಪರಿಚಯ: ದುಃಖ

ಸಂಸ್ಕೃತದ ‘ದುಸ್’ ಎಂದರೆ ಕೆಟ್ಟ, ಕಷ್ಟದ. ದುರ್ಗಮ, ದುರ್ಬಲ, ದುಷ್ಕಾಲ ಎಲ್ಲವೂ ಇದರ ಬಳಗವೇ. ‘ಖ’ ಎಂದರೆ ರಂಧ್ರ, ಆಕಾಶ. ಗಾಲಿಯ ನಡುವೆ ಅಚ್ಚು ತೂರುವ ತೂತಿಗೂ ಋಗ್ವೇದದಲ್ಲಿ ಈ ಹೆಸರಿದೆ. ತೂತು ಕೆಟ್ಟರೆ ಬಂಡಿ ದಾರಿಯುದ್ದಕ್ಕೂ ಕುಲುಕುತ್ತದೆ. ದುಃಖ ಪದ ಹುಟ್ಟಿದ್ದು ಹೀಗೆ ಎಂಬ ವಿವರಣೆ ಪ್ರಸಿದ್ಧ. ಕೆಟ್ಟ ಸ್ಥಿತಿಯಲ್ಲಿರುವ ಎಂಬ ಅರ್ಥದ ‘ದುಃಸ್ಥ’ವೇ ಮೂಲ ಎನ್ನುವವರೂ ಇದ್ದಾರೆ.

ಪಾಲಿಯಲ್ಲಿ ಇದು ‘ದುಕ್ಖ’, ಬುದ್ಧನ ಮೊದಲ ಆರ್ಯಸತ್ಯ. ಬೌದ್ಧರು ಇದರಲ್ಲಿ ಮೂರು ಬಗೆ ಕಾಣುತ್ತಾರೆ: ನೇರವಾದ ನೋವು, ಸುಖ ಬದಲಾಗಿ ಕೈತಪ್ಪುವ ಸಂಕಟ, ಕಾರಣಗಳಿಗೆ ಕಟ್ಟುಬಿದ್ದ ಇರವಿನಲ್ಲೇ ಇರುವ ಕೊರತೆ. ಸಾಂಖ್ಯ ದರ್ಶನದ ಗ್ರಂಥವಾದ ಈಶ್ವರಕೃಷ್ಣನ ‘ಸಾಂಖ್ಯಕಾರಿಕೆ’ ಶುರುವಾಗುವುದೂ ದುಃಖದ ಮಾತಿನಿಂದಲೇ. ಅಲ್ಲಿನ ಮೂರು ದುಃಖಗಳನ್ನು ಆಧ್ಯಾತ್ಮಿಕ (ತನ್ನೊಳಗಿನಿಂದ ಬರುವ), ಆಧಿಭೌತಿಕ (ಇತರ ಜೀವಿಗಳಿಂದ ಬರುವ), ಆಧಿದೈವಿಕ (ದೈವದಿಂದ ಬರುವ) ಎಂಬ ತಾಪತ್ರಯವಾಗಿ ವಿವರಿಸುತ್ತಾರೆ. ಉಪನಿಷತ್ತುಗಳನ್ನು ಲ್ಯಾಟಿನ್ ಅನುವಾದದಲ್ಲಿ ಓದಿ ಮೆಚ್ಚಿದ ಜರ್ಮನಿಯ ತತ್ವಜ್ಞಾನಿ ಶೋಪನ್‌ಹಾವರ್ ನೋವೇ ನಿಜವಾದ ಅನುಭವ, ಸುಖವೆಂದರೆ ಅದರ ಬಿಡುವು ಮಾತ್ರ ಎಂದ. ಅವನಿಂದ ನಿರಾಶಾವಾದಕ್ಕೆ ತಾತ್ವಿಕ ಬುನಾದಿ ದೊರೆಯಿತು. ಆದರೆ ಬುದ್ಧನನ್ನು ನಿರಾಶಾವಾದಿ ಎನ್ನುವುದು ತಪ್ಪು: ದುಃಖಕ್ಕೆ ಕಾರಣವಿದೆ, ಕೊನೆಯಿದೆ, ದಾರಿಯಿದೆ ಎಂಬ ಮೂರು ಸತ್ಯಗಳನ್ನೂ ಅವನು ಹೇಳಿದ.

ಕನ್ನಡದ ಆಡುಮಾತಿನಲ್ಲಿ ಇದು ‘ದುಕ್ಕ’. ನಮ್ಮಲ್ಲಿ ದುಃಖ ಉಮ್ಮಳಿಸುತ್ತದೆ, ಒತ್ತರಿಸಿಕೊಂಡು ಬರುತ್ತದೆ. ಅದನ್ನು ನುಂಗಿಕೊಳ್ಳುತ್ತೇವೆ, ತೋಡಿಕೊಳ್ಳುತ್ತೇವೆ, ಹಂಚಿಕೊಳ್ಳುತ್ತೇವೆ. ಸಾವಾದ ಮನೆಗೆ ಹೋಗಿ ಮಾತನಾಡಿಸುವ ರೂಢಿಯಲ್ಲಿ ಈ ಕೊನೆಯ ಕ್ರಿಯಾಪದ ಬದುಕಿದೆ. ದುಃಖ ತಪ್ಪದು ಎಂದು ಒಪ್ಪುವುದಕ್ಕೂ ಅದರಲ್ಲಿ ಒಬ್ಬರಿಗೊಬ್ಬರು ಆಗುವುದಕ್ಕೂ ವಿರೋಧವಿಲ್ಲ.