ಕತ್ತಲೆ ಕಳೆದುಕೊಂಡ ದೆವ್ವದ ಸಿನಿಮಾ

ಐವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ. ಬಳ್ಳಾರಿಯಾಗಲಿ, ಸಿರುಗುಪ್ಪ, ಕುರುಗೋಡಾಗಲಿ, ‘ನಾ ನಿನ್ನ ಬಿಡಲಾರೆ’ ಅಂದ ಕೂಡಲೇ ಒಂದು ಕಥೆ ಹೊರಡುತ್ತದೆ. ಸೆಕೆಂಡ್ ಶೋ ಮುಗಿಸಿ ಒಬ್ಬರೇ ಊರಿಗೆ ನಡೆದದ್ದು, ಹುಣಸೆ ಮರದ ಹತ್ತಿರ ಬಂದಾಗ ಚಪ್ಪಲಿ ಕೈಗೆ ತಗೊಂಡು ಓಡಿದ್ದು. 1979ರ ಚಿತ್ರ ಅದು. ಅನಂತ್ ನಾಗ್, ಲಕ್ಷ್ಮಿ ಜೋಡಿ, ವಿಜಯ್ ನಿರ್ದೇಶನ, ರಾಜನ್–ನಾಗೇಂದ್ರ ಸಂಗೀತ. 1981ರಲ್ಲಿ ಹಿಂದಿಯವರು ಇದನ್ನೇ ‘ಮಂಗಳಸೂತ್ರ’ ಎಂದು ತೆಗೆದರು.

ಮೊನ್ನೆ ನಾವು ನಾಲ್ಕು ಜನ ಕೂತು ಅದನ್ನು ಫೋನಿನಲ್ಲಿ ನೋಡಿದೆವು. ಹೆದರಿಕೆ ಬರಲಿಲ್ಲ. ಕಾಲ ಬದಲಾಗಿದೆ ಅಂದುಕೊಂಡೆವು ಮೊದಲು. ಆಮೇಲೆ ತಿಳಿಯಿತು, ನಮಗೆ ಸಿಕ್ಕ ಕಾಪಿಯಲ್ಲಿ ಕತ್ತಲೆಯೇ ಇರಲಿಲ್ಲ. ಕಪ್ಪಗಿರಬೇಕಾದ ಕಡೆ ಬೂದು ಬಣ್ಣದ ಚೌಕಗಳು ಕುಣಿಯುತ್ತಿದ್ದವು. ಯಾವುದು ನೆರಳು, ಯಾವುದು ಗೋಡೆ ಎಂದೇ ಗೊತ್ತಾಗುತ್ತಿರಲಿಲ್ಲ.

ಹಳೆಯ ಸಿನಿಮಾ ನಮ್ಮ ಫೋನಿಗೆ ಬರುವ ದಾರಿ ನೋಡಿ. ಟಾಕೀಸಿನಲ್ಲಿ ಓಡಿ ಓಡಿ ಗೀರು ಬಿದ್ದ ಪ್ರಿಂಟಿನಿಂದ ವಿಡಿಯೋ ಕ್ಯಾಸೆಟ್ ಆಗುತ್ತದೆ. ಹಳ್ಳಿಗಳಲ್ಲಿ ವಿಸಿಪಿ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಸಿನಿಮಾ ಹಾಕುತ್ತಿದ್ದರಲ್ಲ, ಅದೇ ಕ್ಯಾಸೆಟ್. ಕ್ಯಾಸೆಟ್‌ನಿಂದ ವಿಸಿಡಿ, ಅಲ್ಲಿಂದ ಇಂಟರ್ನೆಟ್. ವಿಸಿಡಿಯ ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ ಅಷ್ಟೇ. ಇವತ್ತಿನ ಫುಲ್ ಎಚ್‌ಡಿಯಲ್ಲಿ 1920, 1080. ಪ್ರತಿ ಸಲ ನಕಲಾದಾಗ ಮೊದಲು ಹಾಳಾಗುವುದು ಕತ್ತಲೆಯ ಭಾಗ. ಫೈಲು ಚಿಕ್ಕದು ಮಾಡುವ ಸಾಫ್ಟ್‌ವೇರ್, ಕಪ್ಪಿನೊಳಗೆ ಏನಿದೆ ಎಂದು ತಲೆ ಕೆಡಿಸಿಕೊಳ್ಳದೆ ಅಳಿಸಿಬಿಡುತ್ತದೆ. ಹಾಸ್ಯದ ಸಿನಿಮಾ ಇದನ್ನು ತಡೆದುಕೊಳ್ಳುತ್ತದೆ, ದೆವ್ವದ ಸಿನಿಮಾ ತಡೆಯುವುದಿಲ್ಲ.

ಇದು ನಮ್ಮೊಬ್ಬರ ಪಾಡಲ್ಲ. 1922ರಲ್ಲಿ ಜರ್ಮನಿಯಲ್ಲಿ ‘ನೊಸ್ಫೆರಾಟು’ ಎಂಬ ರಕ್ತ ಹೀರುವ ಪಿಶಾಚಿಯ ಮೂಕಿ ಚಿತ್ರ ಬಂತು. ‘ಡ್ರಾಕುಲಾ’ ಕಾದಂಬರಿಯ ಕಥೆಯನ್ನು ಕೇಳದೆ ಬಳಸಿದ್ದಾರೆಂದು ಲೇಖಕನ ಹೆಂಡತಿ ಕೋರ್ಟಿಗೆ ಹೋದರು. 1925ರಲ್ಲಿ ಪ್ರಿಂಟುಗಳನ್ನೆಲ್ಲ ನಾಶ ಮಾಡಿ ಎಂದು ಆದೇಶವಾಯಿತು. ಆದರೆ ಬೇರೆ ದೇಶಗಳಿಗೆ ಹೋಗಿದ್ದ ಪ್ರಿಂಟುಗಳು ಉಳಿದುಕೊಂಡವು. ಆಗಿನ ಕ್ಯಾಮೆರಾಕ್ಕೆ ರಾತ್ರಿ ಹೊತ್ತು ಹೊರಗೆ ಶೂಟಿಂಗ್ ಮಾಡುವಷ್ಟು ಶಕ್ತಿ ಇರಲಿಲ್ಲ. ಹಗಲಲ್ಲೇ ತೆಗೆದು, ರಾತ್ರಿ ಎಂದು ತೋರಿಸಲು ರೀಲಿಗೆ ನೀಲಿ ಬಣ್ಣ ಹಾಕುತ್ತಿದ್ದರು. ಆಮೇಲೆ ಬಂದ ನಕಲುಗಳಲ್ಲಿ ನೀಲಿ ಹೋಯಿತು. ಬಿಸಿಲು ತಾಗಿದರೆ ಸಾಯುವ ಪಿಶಾಚಿ, ಪೆಟ್ಟಿಗೆ ಹೊತ್ತು ಮಟಮಟ ಮಧ್ಯಾಹ್ನ ಬೀದಿಯಲ್ಲಿ ಓಡಾಡಿತು! ಫ್ರಾನ್ಸಿನಲ್ಲಿ ಉಳಿದಿದ್ದ ಬಣ್ಣದ ಪ್ರಿಂಟ್ ಆಧಾರವಾಗಿಟ್ಟುಕೊಂಡು ಸರಿಪಡಿಸಿದ ಮೇಲೆಯೇ ಆ ಚಿತ್ರಕ್ಕೆ ರಾತ್ರಿ ವಾಪಸ್ ಬಂದದ್ದು.

ಇಂಥ ಕೆಲಸಕ್ಕೆ ಬಹಳ ತಾಳ್ಮೆ ಬೇಕು. ಮೊದಲು ನೆಗೆಟಿವ್ ಹುಡುಕಬೇಕು, ಅದು ಸಿಗದಿದ್ದರೆ ಇದ್ದುದರಲ್ಲಿ ಒಳ್ಳೆಯ ಪ್ರಿಂಟ್. ಅಂಚಿನ ತೂತು ಹರಿದಿದ್ದರೆ ಕೈಯಿಂದ ಅಂಟಿಸಬೇಕು, ತೊಳೆಯಬೇಕು, ಒಂದೊಂದೇ ಚೌಕಟ್ಟು ಸ್ಕ್ಯಾನ್ ಮಾಡಬೇಕು. ಸೆಕೆಂಡಿಗೆ 24 ಚೌಕಟ್ಟು. ಎರಡೂವರೆ ತಾಸಿನ ಸಿನಿಮಾಕ್ಕೆ 2,16,000. ಆಮೇಲೆ ಕಂಪ್ಯೂಟರಿನಲ್ಲಿ ಗೀರು, ಧೂಳು, ಅದುರಾಟ ತೆಗೆಯಬೇಕು, ಧ್ವನಿಯನ್ನೂ ಶುಚಿ ಮಾಡಬೇಕು. ಅತಿಯಾಗಿ ಉಜ್ಜಿದರೂ ಕಷ್ಟ, ಮುಖಗಳು ಮೇಣದ ಗೊಂಬೆಯಂತಾಗುತ್ತವೆ. 2008ರಲ್ಲಿ ‘ಸತ್ಯ ಹರಿಶ್ಚಂದ್ರ’, 2014ರಲ್ಲಿ ‘ಕಸ್ತೂರಿ ನಿವಾಸ’ ಬಣ್ಣ ಬಳಿದುಕೊಂಡು ಮತ್ತೆ ತೆರೆಗೆ ಬಂದವು. ಜನ ಖುಷಿಯಿಂದ ನೋಡಿದರು, ನಾವೂ ನೋಡಿದ್ದೇವೆ. ಆದರೆ ಅದು ಹೊಸ ಸುಣ್ಣ ಬಣ್ಣ. ಹಳೆಯ ಗೋಡೆಯನ್ನು ಇದ್ದಂತೆ ಉಳಿಸುವ ಕೆಲಸವೇ ಬೇರೆ.

ಆ ಬೇರೆ ಕೆಲಸ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ಆಗಿದೆ. ಯು.ಆರ್. ಅನಂತಮೂರ್ತಿಯವರ ಕಥೆ, 1977ರ ಚಿತ್ರ, ಆ ವರ್ಷದ ಸ್ವರ್ಣ ಕಮಲ. ಅದು ದೆವ್ವದ ಸಿನಿಮಾ ಅಲ್ಲ. ಆದರೂ ಬಸಿರಾದ ವಿಧವೆ ಯಮುನಾ ಹಾವಿನ ಹುತ್ತದೊಳಗೆ ಕೈ ಇಡುವುದನ್ನು, ಆ ರಾತ್ರಿಗಳನ್ನು ಪುಟ್ಟ ನಾಣಿಯ ಕಣ್ಣಿನಿಂದ ನೋಡಿದವರಿಗೆ ಯಾವ ದೆವ್ವವೂ ಬೇಕಾಗಿಲ್ಲ. ಎಸ್. ರಾಮಚಂದ್ರ ಅವರ ಕ್ಯಾಮೆರಾ, ಪೂರ್ತಿ ಕಪ್ಪು ಬಿಳುಪು. ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸಿ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಇಟಲಿಯ ಬೊಲೊನ್ಯಾ ಊರಿನ ಲ್ಯಾಬಿನಲ್ಲಿ ಅದನ್ನು 4ಕೆಯಲ್ಲಿ ಸರಿಪಡಿಸಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಕನ್ನಡದ ಕತ್ತಲೆಯನ್ನು ತೊಳೆದುಕೊಂಡು ಬರಲು ಇಟಲಿಗೆ ಹೋಗಬೇಕಾಯಿತು.

ಆ ಚಿತ್ರದ ಫಿಲ್ಮ್ ಯಾರೋ ಜೋಪಾನವಾಗಿ ಇಟ್ಟಿದ್ದರಿಂದ ಇಷ್ಟಾದರೂ ಆಯಿತು. ನಮ್ಮ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ (1934) ಇವತ್ತು ನೋಡಲು ಸಿಗುವುದಿಲ್ಲ. ಹಳೆಯ ಕಪ್ಪು ಬಿಳುಪು ರೀಲಿನಲ್ಲಿ ಬೆಳ್ಳಿ ಇರುತ್ತದೆ. ಓಟ ಮುಗಿದ ಪ್ರಿಂಟುಗಳನ್ನು ಆ ಬೆಳ್ಳಿಗಾಗಿ ಕರಗಿಸಿದ್ದಾರೆ, ಬಳೆ ಮಾಡಲು ಕತ್ತರಿಸಿದ್ದಾರೆ. ಬಣ್ಣದ ಪ್ರಿಂಟಿನಲ್ಲಿ ಉಳಿದ ಬಣ್ಣ ಮಾಸಿ ಎಲ್ಲ ಕೆಂಪಗಾಗುತ್ತದೆ. ಶೆಕೆಯಲ್ಲಿ ಇಟ್ಟ ಫಿಲ್ಮ್ ಒಳಗೊಳಗೇ ಕೊಳೆತು ವಿನಿಗರ್‌ನಂತೆ ಹುಳಿ ವಾಸನೆ ಹೊಡೆಯುತ್ತದೆ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಡಬ್ಬಿಯೊಳಗೆ ಏನಾಗುತ್ತದೆ ಎಂದು ನಾವು ಬಿಡಿಸಿ ಹೇಳಬೇಕಿಲ್ಲ.

ಇದನ್ನು ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಎಷ್ಟೋ ಊರುಗಳಲ್ಲಿ ಟಾಕೀಸುಗಳು ಮುಚ್ಚಿ ಕಲ್ಯಾಣ ಮಂಟಪ, ಗೋದಾಮು ಆಗುತ್ತಿವೆ. ಕ್ಯಾಬಿನ್ ಖಾಲಿ ಮಾಡುವಾಗ ಮೂಲೆಯಲ್ಲಿ ಒಂದು ಡಬ್ಬಿ ಸಿಕ್ಕರೆ ಗುಜರಿಗೆ ತೂಕಕ್ಕೆ ಹಾಕಬೇಡಿ. ನೋಡೋಣ ಅಂತ ರೀಲು ಬಿಚ್ಚಿ ಎಳೆಯಬೇಡಿ. ಬಿಸಿಲಿನಿಂದ, ಬೀಡಿ ಬೆಂಕಿಯಿಂದ ದೂರ ಇಡಿ. 1950ಕ್ಕಿಂತ ಹಳೆಯದಾದರೆ ಪಕ್ಕನೆ ಹೊತ್ತಿಕೊಳ್ಳುವ ಜಾತಿಯದ್ದಿರಬಹುದು. ಹುಳಿ ವಾಸನೆ ಬಂದರೆ ಆ ಡಬ್ಬಿಯನ್ನು ಬೇರೆಯಾಗಿ ಇಡಿ, ರೋಗ ಪಕ್ಕದ ರೀಲಿಗೂ ಹತ್ತುತ್ತದೆ. ಡಬ್ಬಿಯ ಮೇಲಿನ ಚೀಟಿಯ ಫೋಟೋ ತೆಗೆದು, ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೆ ತಿಳಿಸಿ. 1964ರಿಂದ ಅವರ ಕೆಲಸವೇ ಇದು. ಬರೀ ಪ್ರಿಂಟ್ ತಾನೇ ಅನ್ನಬೇಡಿ, ‘ನೊಸ್ಫೆರಾಟು’ ಉಳಿದದ್ದೂ ಪ್ರಿಂಟಿನಿಂದಲೇ.

ಬರೆಯುವುದು ಹೇಗೆ ಎಂದು ಗೊತ್ತಾಗದಿದ್ದರೆ ನಮಗೆ ಆ ಫೋಟೋ ಕಳಿಸಿ, ಪತ್ರ ನಾವು ಬರೆದು ಕೊಡುತ್ತೇವೆ.