ಆಘಾತಗೊಂಡ ಮಕ್ಕಳಿಗೆ ವಸತಿ ಆರೈಕೆ

ಲೈಂಗಿಕ ದೌರ್ಜನ್ಯ, ಮಾನವ ಸಾಗಣೆ, ಬಾಲ್ಯವಿವಾಹಗಳಿಂದ ಪಾರಾದ ಹದಿಹರೆಯದವರನ್ನು ಮನೆಗೆ ಕಳುಹಿಸುವುದೇ ಅಪಾಯವೆನಿಸಿದಾಗ, ಆಶ್ರಯದ ಜೊತೆಗೆ ಮನಸ್ಸಿನ ಚೇತರಿಕೆಗೂ ಅವಕಾಶ ಕಲ್ಪಿಸುವ ವ್ಯವಸ್ಥೆಯೇ ಚಿಕಿತ್ಸಾತ್ಮಕ ವಸತಿ ಆರೈಕೆ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ರಕ್ಷಿಸಲ್ಪಟ್ಟ ಮಕ್ಕಳ ವಿಷಯವನ್ನು ನಿರ್ಧರಿಸುವುದು ಮೈಸೂರು ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಪ್ರಯಾಣದ ಅವಧಿ ಹೊರತುಪಡಿಸಿ 24 ಗಂಟೆಗಳೊಳಗೆ ಮಗುವನ್ನು ಸಮಿತಿಯೆದುರು ಹಾಜರುಪಡಿಸಬೇಕು. ಅಲ್ಲಿಂದ ಬಾಲಮಂದಿರಕ್ಕೋ ನೋಂದಾಯಿತ ಸಂಸ್ಥೆಗೋ ಕಳುಹಿಸಲಾಗುತ್ತದೆ. ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಮೈಸೂರಿನಲ್ಲಿ ಕಟ್ಟಿದ 'ಒಡನಾಡಿ' ಇಂತಹ ಕೆಲಸಕ್ಕೆ ಹೆಸರಾದ ಸಂಸ್ಥೆ.

ನಂಜನಗೂಡಿನಿಂದ ಮೈಸೂರು ಸುಮಾರು 25 ಕಿ.ಮೀ. ಮಾತ್ರ. ಆದರೆ ಶಾಲೆ, ಗೆಳತಿಯರು, ನಂಜುಂಡೇಶ್ವರನ ತೇರು ಎಲ್ಲವನ್ನೂ ಒಂದೇ ದಿನದಲ್ಲಿ ಬಿಟ್ಟುಬಂದ ಬಾಲಕಿಗೆ ಅದು ದೂರವೇ. ಆರೋಪಿ ಜಾಮೀನಿನ ಮೇಲೆ ಊರು ಸೇರಿ, ತಾನು ಹಾಸ್ಟೆಲಿನಂತಹ ಕಟ್ಟಡದಲ್ಲಿ ಉಳಿದರೆ, ಶಿಕ್ಷೆ ತನಗೇ ಆಯಿತೆಂದು ಅವಳು ಭಾವಿಸುವುದು ಸಹಜ.

ಆಘಾತ ಅಳುವಿನ ರೂಪದಲ್ಲೇ ಕಾಣಿಸಿಕೊಳ್ಳಬೇಕೆಂದಿಲ್ಲ. ಚಿಲಕದ ಸದ್ದಿಗೆ ಬೆಚ್ಚುವುದು, ದಿಂಬಿನಡಿ ಚಪಾತಿ ಬಚ್ಚಿಡುವುದು, ಹಾಸಿಗೆ ಒದ್ದೆಯಾಗುವುದು, ಕೈ ಕುಯ್ದುಕೊಳ್ಳುವುದು, ಅಕ್ಕರೆ ತೋರಿದವರನ್ನೇ ಬೈಯುವುದು ಇವೆಲ್ಲ ಅದರ ಲಕ್ಷಣಗಳಾಗಿರಬಹುದು. ಇವನ್ನು ಹಟವೆಂದು ತಿಳಿದು ಗದರಿಸಿದರೆ ಹಳೆಯ ಭಯವೇ ಮರುಕಳಿಸುತ್ತದೆ. ಮಕ್ಕಳ ಸಂಸ್ಥೆಗಳಲ್ಲಿ ದೈಹಿಕ ಶಿಕ್ಷೆ ಕಾನೂನಿನ ಪ್ರಕಾರ ಅಪರಾಧ. ಮೊದಲ ಬಾರಿಗೆ 10,000 ರೂ. ದಂಡವಿದೆ.

ಆಪ್ತಸಮಾಲೋಚಕರು ವಾರಕ್ಕೆ ಒಂದೆರಡು ಗಂಟೆ ಸಿಗುತ್ತಾರೆ. ಉಳಿದ ಹೊತ್ತು ಜೊತೆಗಿರುವವರು ಗೃಹಮಾತೆ ಮತ್ತು ಅಡುಗೆಯವರು. ಹೀಗಾಗಿ ಚೇತರಿಕೆಯ ಬಹುಪಾಲು ಅವರ ಕೈಯಲ್ಲೇ ಇದೆ. ಊಟದ ಹೊತ್ತು ತಪ್ಪದಿರುವುದು, ಮುಟ್ಟುವ ಮುನ್ನ ಕೇಳುವುದು, ರಾತ್ರಿ ದೀಪ ಆರಿಸದಿರುವುದು, ನಾಳೆ ಎಲ್ಲಿಗೆ ಹೋಗಬೇಕೆಂದು ಇಂದೇ ಹೇಳುವುದು ಸಣ್ಣ ಸಂಗತಿಗಳಲ್ಲ. ಸಿಬ್ಬಂದಿ ಪದೇಪದೇ ಬದಲಾದರೆ ಈ ನಂಬಿಕೆ ಮೊದಲಿನಿಂದ ಆರಂಭವಾಗಬೇಕು. ಸಿಬ್ಬಂದಿಯ ತರಬೇತಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 'ಸಂವಾದ್' ಕೇಂದ್ರವನ್ನು ಆರಂಭಿಸಿತು.

ನಡೆದದ್ದನ್ನು ಬಂದವರೆಲ್ಲ ಕೇಳುವುದು ದೊಡ್ಡ ಹಾನಿ. ಕುತೂಹಲದ ದಾನಿಗಳೂ ಇದಕ್ಕೆ ಹೊರತಲ್ಲ. ಮಗುವನ್ನು ಸಾಕ್ಷ್ಯಕ್ಕಾಗಿ ಮತ್ತೆಮತ್ತೆ ಕರೆಸಬಾರದೆಂದು ಪೋಕ್ಸೊ ಕಾಯ್ದೆಯೇ ಹೇಳುತ್ತದೆ. 2020ರ ನಿಯಮಗಳಂತೆ, ತನಿಖೆ ಮತ್ತು ವಿಚಾರಣೆಯ ಉದ್ದಕ್ಕೂ ಜೊತೆಗಿರಲು ಬೆಂಬಲ ವ್ಯಕ್ತಿಯನ್ನು ಸಮಿತಿ ನೇಮಿಸಬಹುದು.

ಮನೆಯವರ ಭೇಟಿ ಇನ್ನಷ್ಟು ಸೂಕ್ಷ್ಮ. ತಾಯಿಯನ್ನು ಕಾಣುವ ಹಂಬಲ ಮಗುವಿಗಿರುತ್ತದೆ. ಆದರೆ ಆರೋಪಿ ಸಂಬಂಧಿಕನಾಗಿದ್ದರೆ, ಮರ್ಯಾದೆಯ ಹೆಸರಿನಲ್ಲಿ ಹೇಳಿಕೆ ಬದಲಿಸುವಂತೆ ಒತ್ತಡವೂ ಅದೇ ಭೇಟಿಯಲ್ಲಿ ಬರಬಹುದು. ಭೇಟಿಯನ್ನು ನಿಲ್ಲಿಸುವುದಕ್ಕಿಂತ, ಸಿಬ್ಬಂದಿಯ ಸಮಕ್ಷಮದಲ್ಲಿ ನಡೆಸಿ, ಆ ರಾತ್ರಿ ಮಗುವಿನ ಬಳಿ ಒಬ್ಬರು ಇರುವುದು ಲೇಸು.

18 ತುಂಬಿದವರಿಗೆ ಅನುಪಾಲನೆ ಸೌಲಭ್ಯ 21ರವರೆಗೂ, ವಿಶೇಷ ಸಂದರ್ಭಗಳಲ್ಲಿ 23ರವರೆಗೂ ದೊರೆಯುತ್ತದೆ. ಸಂಕಷ್ಟದಲ್ಲಿರುವ ಮಗುವಿನ ಬಗ್ಗೆ ಮಾಹಿತಿ ನೀಡಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.