ಎಂಜಿನ್ನಿನ ಉಸಿರು

ಮೊನ್ನೆ ಹುಕ್ಕೇರಿಯಿಂದ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ಹಿತ್ತಲಿನಲ್ಲಿದ್ದ ನಮ್ಮ ಜೀಪನ್ನು ಕಂಡು, "ಇದನ್ನ ಇನ್ನೂ ಇಟ್ಟೀರೇನ್ರಿ ಸರ್?" ಎಂದು ನಕ್ಕರು. ವಿಜ್ಞಾನ ಶಿಕ್ಷಕನಾಗಿದ್ದ ನಾನು ಆ ಜೀಪಿನ ವಿಷಯದಲ್ಲಿ ಮಾಡಿದ ತಪ್ಪನ್ನು ಇದುವರೆಗೆ ನಿಮಗೆ ಹೇಳಿಲ್ಲ.

1992ರಲ್ಲಿ ನಾನೂ ನನ್ನ ತಮ್ಮನೂ ಕೂಡಿ ಹಳೆಯ ಪೆಟ್ರೋಲ್ ಜೀಪೊಂದನ್ನು ಕೊಂಡೆವು. ಪೆಟ್ರೋಲಿನ ಖರ್ಚು ತಾಳಲಾರದೆ ಅದಕ್ಕೆ ಡೀಸೆಲ್ ಎಂಜಿನ್ ಕೂಡಿಸಿದೆವು. ಆದರೆ ಬ್ರೀದರ್ ಕೊಳವೆಯಿಂದ ಎಣ್ಣೆ ತೊಟ್ಟಿಕ್ಕಿ ಅಂಗಳವೆಲ್ಲ ಕಲೆಯಾಯಿತು. ನಾನು ಆ ಕೊಳವೆಗೆ ಮರದ ಬಿರಡೆ ಜಡಿದು ನಿಶ್ಚಿಂತನಾದೆ.

ಕೆಲವು ದಿನಗಳ ನಂತರ ಗೋಕಾಕದಿಂದ ಫಾಲ್ಸ್ ಕಡೆಗೆ ಏರು ಹತ್ತುವಾಗ ಕ್ಲಚ್ ಜಾರತೊಡಗಿತು. ಎಂಜಿನ್ ಒದರುತ್ತಿತ್ತು, ಗಾಡಿ ಹಿಂದಕ್ಕೆ ಸರಿಯುತ್ತಿತ್ತು. ಒಳಗೆ ತಾಯಿಯವರೂ ಮಕ್ಕಳೂ ಇದ್ದರು. ತಮ್ಮ ಜಿಗಿದು ಚಕ್ರಕ್ಕೆ ಕಲ್ಲು ಕೊಟ್ಟಿದ್ದರಿಂದ ಬದುಕಿದೆವು.

ಬಿಚ್ಚಿ ನೋಡಿದ ಮೆಕ್ಯಾನಿಕ್ ಮೂಡಲಗಿ ಕಡೆಯವನು. ನನ್ನ ವಿಷಯದಲ್ಲಿಯೇ ಅನುತ್ತೀರ್ಣನಾಗಿ ಶಾಲೆ ಬಿಟ್ಟವನು. ಹಿಂದಿನ ಆಯಿಲ್ ಸೀಲ್ ಕಿತ್ತು, ಕ್ಲಚ್ ಪ್ಲೇಟು ಎಣ್ಣೆಯಲ್ಲಿ ತೊಯ್ದಿತ್ತು. ಬಿರಡೆಯನ್ನು ಕಿತ್ತು ನನ್ನ ಕೈಗಿತ್ತು ಹೇಳಿದ: "ಸರ್, ಎಂಜಿನ್‌ಗೂ ಉಸಿರಾಡಾಕ ಜಾಗಾ ಬೇಕ್ರಿ. ನೀವ ಅದರ ಮೂಗ ಮುಚ್ಚೀರಿ."

ಪಿಸ್ಟನ್ನಿನ ರಿಂಗುಗಳು ಎಷ್ಟು ಬಿಗಿಯಾಗಿದ್ದರೂ ಸ್ವಲ್ಪ ಅನಿಲ ಕೆಳಗಿನ ಚೇಂಬರಿಗೆ ನುಸುಳುತ್ತದೆ. ಇದನ್ನೇ ನಮ್ಮ ಮೆಕ್ಯಾನಿಕ್ಕರು ಬ್ಯಾಕ್ ಕಂಪ್ರೆಶನ್ ಎನ್ನುವರು. ದಾರಿಯಿಲ್ಲದಿದ್ದರೆ ಅದು ಸೀಲುಗಳನ್ನು ತಳ್ಳಿ ಎಣ್ಣೆಯನ್ನು ಹೊರಹಾಕುತ್ತದೆ. ಅವನು ಇದನ್ನು ಕಲಿತದ್ದು ತಂದೆಯ ಹೊಲದ ಪಂಪ್‌ಸೆಟ್ಟಿನಲ್ಲಿ. ಅಂಥ ಹಳೆಯ ಎಂಜಿನ್ನುಗಳ ಬ್ರೀದರಿನಲ್ಲಿ ತೆಳುವಾದ ತಗಡಿನ ಬಿಲ್ಲೆಯೊಂದು ಮಿಡಿಯುತ್ತ ಗಾಳಿಯನ್ನು ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ.

ಈ ಉಸಿರಿಗೂ ಒಂದು ಚರಿತ್ರೆಯುಂಟು. ಮೊದಲಿನ ಮೋಟಾರುಗಳಲ್ಲಿ ನೆಲದತ್ತ ಬಾಗಿದ ತೆರೆದ ಕೊಳವೆಯಿತ್ತು. ಗಾಡಿ ಓಡುವಾಗಿನ ಗಾಳಿಯೇ ಹೊಗೆಯನ್ನು ಸೆಳೆಯುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳು ಹೊಳೆ ದಾಟಬೇಕಾದಾಗ ತೆರೆದ ಕೊಳವೆಯಿಂದ ನೀರು ನುಗ್ಗುವ ಭಯವಿತ್ತು. ಆಗ ಹೊಗೆಯನ್ನು ಕವಾಟದ ಮೂಲಕ ಎಂಜಿನ್ನಿಗೇ ಹಿಂದಿರುಗಿಸುವ ಮುಚ್ಚಿದ ಕ್ರಮ ಬಳಕೆಗೆ ಬಂತು. ಯುದ್ಧದ ವಿಲ್ಲೀಸ್ ಜೀಪಿನಲ್ಲಿಯೂ ಇಂಥ ಕವಾಟವಿತ್ತು. ಲಾಸ್ ಏಂಜಲೀಸಿನ ಹೊಗೆಮಂಜಿನ ದೆಸೆಯಿಂದ 1961ರಲ್ಲಿ ಕ್ಯಾಲಿಫೋರ್ನಿಯದ ಹೊಸ ಕಾರುಗಳಿಗೂ 1963ರ ಹೊತ್ತಿಗೆ ಅಮೆರಿಕದ ಉಳಿದ ಕಾರುಗಳಿಗೂ ಅದು ಬಂದಿತು. ಶುದ್ಧ ಗಾಳಿಗಾಗಿ ಕಾರುಗಳಿಗೆ ಹೂಡಿದ ಮೊದಲ ಸಾಧನಗಳಲ್ಲಿ ಇದೂ ಒಂದು.

ಜೀಪಿನ ಹಳೆಯ ಕವಾಟವನ್ನೇ ಹಾಕಬಾರದೇಕೆ ಎಂದು ಕೇಳಿದೆ. ಪೆಟ್ರೋಲ್ ಎಂಜಿನ್ನಿನಂತೆ ಡೀಸೆಲ್ಲಿನಲ್ಲಿ ಆ ಸೆಳೆತವಿಲ್ಲವೆಂದು ಅವನೇ ತಿಳಿಸಿದ. ದಪ್ಪ ಕೊಳವೆ ಜೋಡಿಸಿ, ನಡುವೆ ತಂತಿಯ ಜೊಂಡು ತುಂಬಿದ ಡಬ್ಬಿಯಿಟ್ಟ. ಎಣ್ಣೆ ಅದರಲ್ಲಿ ನಿಂತಿತು. ಹೊಗೆ ಏರ್ ಕ್ಲೀನರಿನ ಆಚೆಯ ಕೊಳವೆ ಸೇರಿತು. ಡಬ್ಬಿಯನ್ನು ಆಗಾಗ ಬರಿದು ಮಾಡಲು ಎಚ್ಚರಿಸಿದ.

ಮರುವರ್ಷ ಒತ್ತಡದ ಪಾಠ ಬಂದಾಗ ಆ ಬಿರಡೆಯನ್ನು ತರಗತಿಗೆ ಒಯ್ದೆ. ಅದನ್ನು ಕಂಡವರು ನಿಮ್ಮಲ್ಲಿ ಕೆಲವರಿದ್ದೀರಿ. ಅಂದು ಆ ಪಾಠ ಕಲಿಸಿದವನಾರೆಂದು ಹೇಳದೆ ಉಳಿದೆ. ಆ ಸಾಲವನ್ನು ಇಲ್ಲಿ ತೀರಿಸಿದ್ದೇನೆ.